ಪ್ರಾಕ್ಸ್‌ಮಾಕ್ಸ್ ಸರ್ವರ್ರೇ ನಮ್ಮನೆ ಡೆಸ್ಕ್‌ಟಾಪ್: ಒಂದೂವರೆ ವರ್ಷ ಬಳಸಿದ್ಮೇಲೆ

ನಮ್ಮನೇಲಿರೋ ಒಂದೇ ಒಂದು ಒಳ್ಳೆ ಕಂಪ್ಯೂಟರ್‌ನಲ್ಲಿ ವಿಂಡೋಸೂ ಇಲ್ಲ, ಉಬುಂಟೂನೂ ಇಲ್ಲ, ನೇರವಾಗಿ ಇನ್‌ಸ್ಟಾಲ್ ಆಗಿರೋದು ಪ್ರಾಕ್ಸ್‌ಮಾಕ್ಸ್ ವಿಇ. ಅಂದ್ರೆ ಕಂಪನಿಗಳು ಸರ್ವರ್ ರೂಮಲ್ಲಿ ಹಾಕ್ಕೊಂಡು ಹತ್ತಾರು ವರ್ಚುವಲ್ ಮಷೀನ್ (ವಿಎಂ, ಅಂದ್ರೆ ಒಂದೇ ಕಂಪ್ಯೂಟರ್ ಒಳಗೆ ಬೇರೆ ಕಂಪ್ಯೂಟರ್ ಥರ ಓಡೋದು) ಓಡಿಸೋ ಸಾಫ್ಟ್‌ವೇರ್. ಅದರ ಮೇಲೇನೇ ನಾನು ಬೆಳಗ್ಗೆಯಿಂದ ಕೋಡ್ ಬರೀತೀನಿ, ಮೀಟಿಂಗ್‌ಗೆ ಕೂರ್ತೀನಿ, ಅದೇ ಹೊತ್ತಲ್ಲಿ ಹೆಂಡತಿ ಹಾಲ್‌ನಲ್ಲಿ ಕೂತ್ಕೊಂಡು ಡಿಟಿಪಿ ಮಾಡ್ತಿರ್ತಾಳೆ, ಅದೂ ಇದೇ ಡಬ್ಬದೊಳಗಿನ ಇನ್ನೊಂದು ಮಷೀನ್‌ನಲ್ಲಿ. ಶುರು ಮಾಡಿದಾಗ 8.2 ವರ್ಶನ್ ಇತ್ತು, ಈಗ 9ಕ್ಕೆ ಬಂದಿದೀನಿ. ನನಗೆ ತುಂಬಾ ಇಷ್ಟ ಆಗಿದೆ, ಆದ್ರೆ ಇಷ್ಟ ಆಗೋ ಹಂತಕ್ಕೆ ಬರೋದಕ್ಕೆ ಮೊದಲು ಒಂದು ಸಲ ಪೂರ್ತಿ ತಪ್ಪು ರೀತಿ ಸೆಟಪ್ ಮಾಡ್ಕೊಂಡಿದ್ದೆ, ಅದನ್ನೇ ಮುಖ್ಯವಾಗಿ ಹೇಳೋಣ ಅಂತ ಬರೀತಿದೀನಿ.

ಮೊದ್ಲು ಇದರ ಅಗತ್ಯ ಯಾಕೆ ಬಂತು ಅಂತ ಹೇಳ್ತೀನಿ. ನನ್ನ ಕೆಲಸ ಎಲ್ಲಾ ಲಿನಕ್ಸ್ ಮೇಲೆ. ಹೆಂಡತಿ ಲಗ್ನಪತ್ರಿಕೆ, ದೇವಸ್ಥಾನದ ಪಾಂಪ್ಲೆಟ್ಟು, ಸ್ಮರಣ ಸಂಚಿಕೆ ಇಂಥವೆಲ್ಲ ಮಾಡ್ಕೊಡ್ತಾಳೆ. ಈ ಡಿಟಿಪಿ ಲೋಕದಲ್ಲಿ ಇವತ್ತಿಗೂ ಅರ್ಧಕ್ಕರ್ಧ ಫೈಲು ನುಡಿ 01 ಇ ಫಾಂಟಲ್ಲೇ ಬರೋದು, ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಮಷೀನಲ್ಲಿ ಓಪನ್ ಮಾಡಿದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಹಾಕಿದ ಥರ ಕಾಣುತ್ತೆ. ಲಿನಕ್ಸಲ್ಲಿ ಕನ್ನಡ ಟೈಪ್ ಮಾಡೋಕೆ ಏನೂ ತೊಂದ್ರೆ ಇಲ್ಲ, ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಫಾಂಟು ಪ್ಯಾಕೇಜ್ ಆಗೇ ಇವೆ, ಐಬಸ್‌ನಲ್ಲಿ ಕೆಜಿಪಿ ಲೇಔಟ್ ಇದೆ, ನುಡಿಯಲ್ಲಿ ಕೈ ಪಳಗಿದವರು ಹಾಗೇ ಟೈಪ್ ಮಾಡ್ಬಹುದು. ಆದ್ರೆ ಆ ಹಳೇ ಫೈಲು, ಅದರ ಜೊತೆ ಬರೋ ಪೇಜ್‌ಮೇಕರ್ರು ಕೋರೆಲ್‌ಡ್ರಾ, ಇದಕ್ಕೆಲ್ಲ ವಿಂಡೋಸ್ ಬೇಕೇ ಬೇಕು. ಮುಂಚೆ ಡ್ಯುಯಲ್ ಬೂಟ್ ಇತ್ತು. ಅವಳಿಗೆ ಒಂದು ಪತ್ರಿಕೆಯಲ್ಲಿ ಹೆಸರು ತಿದ್ದಬೇಕು ಅಂದ್ರೆ ನಾನು ತೆಗೆದಿಟ್ಟಿದ್ದೆಲ್ಲ ಮುಚ್ಚಿ ರೀಸ್ಟಾರ್ಟ್ ಮಾಡಿ ಎದ್ದು ಕೂರಬೇಕಿತ್ತು. ದಿನಕ್ಕೆ ನಾಲ್ಕು ಸಲ.

ಪ್ರಾಕ್ಸ್‌ಮಾಕ್ಸ್ ಗೊತ್ತಿಲ್ದೇ ಇರೋರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಆಸ್ಟ್ರಿಯಾದ ವಿಯೆನ್ನಾದ ಕಂಪನಿ ಮಾಡೋದು, 2008ರಲ್ಲಿ ಮೊದಲ ವರ್ಶನ್ ಬಂತು, ಓಪನ್ ಸೋರ್ಸ್. ಒಳಗಿರೋದು ಡೆಬಿಯನ್ ಲಿನಕ್ಸ್ (8 ಅಂದ್ರೆ ಡೆಬಿಯನ್ 12, 9 ಅಂದ್ರೆ ಡೆಬಿಯನ್ 13), ಅದರ ಮೇಲೆ ಕೆವಿಎಂ, ಅಂದ್ರೆ 2007ರಲ್ಲೇ ಲಿನಕ್ಸ್ ಕರ್ನಲ್ ಒಳಗೆ ಸೇರಿದ ವರ್ಚುವಲೈಸೇಷನ್, ಜೊತೆಗೆ ಎಲ್‌ಎಕ್ಸ್‌ಸಿ ಕಂಟೇನರ್ರು (ವಿಎಂಗಿಂತ ಹಗುರಾದವು), ಝೆಡ್‌ಎಫ್‌ಎಸ್ಸು (ಡಿಸ್ಕಲ್ಲಿ ಡೇಟಾ ಇಡೋ ವ್ಯವಸ್ಥೆ), ಬ್ಯಾಕಪ್ಪು. ಎಲ್ಲಾನೂ ಬ್ರೌಸರ್‌ನಲ್ಲಿ 8006 ಪೋರ್ಟಿಗೆ ಹೋಗಿ ನೋಡ್ಕೋಬೇಕು. ದುಡ್ಡು ಕೊಡ್ದೇ ಬಳಸ್ಬಹುದು, ಅದಕ್ಕೆ ನೋ ಸಬ್‌ಸ್ಕ್ರಿಪ್ಶನ್ ಅನ್ನೋ ರೆಪೊಸಿಟರಿ ಸೇರಿಸ್ಕೋಬೇಕು, ಇಲ್ಲಾಂದ್ರೆ ಅಪ್‌ಡೇಟ್ ಹೊಡೆದಾಗ ಎರರ್ ಬರುತ್ತೆ. ಲಾಗಿನ್ ಆದಾಗ ಸಬ್‌ಸ್ಕ್ರಿಪ್ಶನ್ ಇಲ್ಲ ಅಂತ ಒಂದು ಬಾಕ್ಸ್ ಬರುತ್ತೆ, ಓಕೆ ಒತ್ತಿದ್ರಾಯ್ತು. ಬ್ರಾಡ್‌ಕಾಮ್ 2023ರ ಕೊನೇಲಿ ವಿಎಂವೇರ್ ತಗೊಂಡು ಲೈಸೆನ್ಸ್ ರೀತಿ ಎಲ್ಲಾ ಬದಲಾಯಿಸಿದ್ಮೇಲೆ ತುಂಬಾ ಜನ ಈ ಕಡೆ ಬಂದ್ರು, ನಾನು ಹೆಸರು ಕೇಳಿದ್ದೂ ಆಗಲೇ.

ನನ್ನ ಮಷೀನ್ ದೊಡ್ಡದೇನಲ್ಲ. ರೈಝನ್ 7 5700ಜಿ ಪ್ರೊಸೆಸರ್, ಎಂಟು ಕೋರು, ಒಳಗೇ ಗ್ರಾಫಿಕ್ಸ್ ಇದೆ. ಬಿ550 ಬೋರ್ಡು, 64 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಎರಡು, ಒಂದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡು.

ಈಗ ಆ ತಪ್ಪು ಸೆಟಪ್ ವಿಷಯಕ್ಕೆ ಬರ್ತೀನಿ. ಇನ್‌ಸ್ಟಾಲ್ ಆದ್ಮೇಲೆ ಮಾನಿಟರ್ ಮೇಲೆ ಕಾಣೋದು ಬರೀ ಕಪ್ಪು ಸ್ಕ್ರೀನ್, ಒಂದು ಐಪಿ ಅಡ್ರೆಸ್ಸು, ಲಾಗಿನ್ ಕೇಳೋ ಒಂದು ಸಾಲು. ಡೆಸ್ಕ್‌ಟಾಪ್ ಬೇಕಲ್ಲ, ಅವರದೇ ವಿಕಿಯಲ್ಲಿ ಡೆವಲಪರ್ ವರ್ಕ್‌ಸ್ಟೇಷನ್‌ಗೆ ಅಂತ ಒಂದು ಪುಟ ಇದೆ, ಅದರ ಪ್ರಕಾರ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಕ್ರೋಮಿಯಂ ಬ್ರೌಸರ್, ಲಾಗಿನ್ ಸ್ಕ್ರೀನ್ ಕೊಡೋ ಲೈಟ್‌ಡಿಎಂ ಮೂರೂ ಹಾಕ್ದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಮೊದಲಿಗೆ ಇರೋದು ರೂಟ್, ಅಂದ್ರೆ ಎಲ್ಲಾ ಅಧಿಕಾರ ಇರೋ ಯೂಸರ್ ಒಬ್ಬನೇ, ರೂಟ್ ಆಗಿ ಕ್ರೋಮಿಯಂ ಓಪನ್ನೇ ಆಗಲ್ಲ, ವಿಎಲ್‌ಸಿನೂ ಆಗಲ್ಲ, ಅದಕ್ಕೆ ಬೇರೆ ಯೂಸರ್ ಮಾಡ್ಕೋಬೇಕು. ಮಾಡ್ಕೊಂಡೆ. ಹತ್ತು ನಿಮಿಷದಲ್ಲಿ ಚೆಂದವಾದ ಡೆಸ್ಕ್‌ಟಾಪ್ ಬಂತು, ಅದೇ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8006 ಓಪನ್ ಮಾಡಿ ವಿಂಡೋಸ್ ವಿಎಂ ಮಾಡ್ದೆ, ಓಡ್ತು. ಇಷ್ಟೇನಾ ಅನ್ನಿಸ್ತು.

ಆದ್ರೆ ಕೂತ್ಕೊಂಡು ಕೆಲಸ ಮಾಡೋ ಜಾಗ ಅದೇ ಆದ್ಮೇಲೆ ಒಂದೊಂದಾಗಿ ಎಲ್ಲಾ ಅಲ್ಲೇ ಇನ್‌ಸ್ಟಾಲ್ ಮಾಡೋಕೆ ಶುರುವಾಗುತ್ತೆ. ಇವತ್ತು ಪ್ರಿಂಟರ್ ಡ್ರೈವರ್ರು, ನಾಳೆ ಡಾಕರ್ರು, ನಾಡಿದ್ದು ಬ್ಲೂಟೂತ್. ಬ್ಲೂಟೂತ್ ಡಾಂಗಲ್ ಕೆಲಸ ಮಾಡ್ಲಿಲ್ಲ ಅಂತ ಡೆಬಿಯನ್‌ನ ಫರ್ಮ್‌ವೇರ್ ಪ್ಯಾಕೇಜ್ ಒಂದನ್ನ ಹಾಕೋಕೆ ಹೋದೆ. ಪ್ರಾಕ್ಸ್‌ಮಾಕ್ಸ್‌ಗೆ ಅದರದೇ ಫರ್ಮ್‌ವೇರ್ ಪ್ಯಾಕೇಜ್ ಇದೆ, ಎರಡಕ್ಕೂ ಆಗಿಬರಲ್ಲ, ಒಂದು ಬಂದ್ರೆ ಇನ್ನೊಂದು ಹೋಗ್ಬೇಕು, ಅದು ಹೋದ್ರೆ ಅದನ್ನ ನಂಬ್ಕೊಂಡಿರೋ ಕರ್ನಲ್ಲು, ಕೊನೆಗೆ ಪ್ರಾಕ್ಸ್‌ಮಾಕ್ಸೇ ಹೋಗುತ್ತೆ. ತೆಗೆದುಹಾಕೋ ಪಟ್ಟಿ ಸ್ಕ್ರೀನ್ ಮೇಲೆ ಬಂದಿತ್ತು, ನಾನು ಓದ್ದೇ ವೈ ಒತ್ತಿದೀನಿ. ಪುಣ್ಯಕ್ಕೆ ಅಲ್ಲಿ ಒಂದು ತಡೆ ಇಟ್ಟಿದಾರೆ, ‘ನೀವು ಪ್ರಾಕ್ಸ್‌ಮಾಕ್ಸ್‌ನ ಮೂಲ ಪ್ಯಾಕೇಜನ್ನೇ ತೆಗೀತಿದೀರಿ, ನಿಜಕ್ಕೂ ಬೇಕಿದ್ರೆ ಇಂಥ ಹೆಸರಿನ ಒಂದು ಖಾಲಿ ಫೈಲ್ ಮಾಡಿ ಮತ್ತೆ ಬನ್ನಿ’ ಅನ್ನೋ ಅರ್ಥದ ಸಂದೇಶ ಕೊಟ್ಟು ನಿಲ್ಲಿಸ್ತು. ಆ ಹೊತ್ತಲ್ಲಿ ಒಳಗಡೆ ಎರಡು ವಿಎಂ ಓಡ್ತಿದ್ವು, ಒಂದ್ರಲ್ಲಿ ಹೆಂಡತಿಯ ಎಂಬತ್ತು ಪುಟದ ಸ್ಮರಣ ಸಂಚಿಕೆ ಓಪನ್ ಇತ್ತು. ಎದೆ ಧಸಕ್ ಅಂತು. ಆ ತಡೆ ಯೋಚ್ನೆ ಮಾಡಿ ಹಾಕಿದವರಿಗೆ ನಿಜವಾಗ್ಲೂ ದೊಡ್ಡ ನಮಸ್ಕಾರ.

ಅವತ್ತು ಅರ್ಥ ಆಯ್ತು, ಕೆಳಗಿರೋ ಹೋಸ್ಟ್‌ನ, ಅಂದ್ರೆ ಪ್ರಾಕ್ಸ್‌ಮಾಕ್ಸ್ ಓಡೋ ಮೂಲ ಸಿಸ್ಟಮ್‌ನ, ಮುಟ್ಟಬಾರ್ದು. ನಾನು ಕೂತ್ಕೊಳ್ಳೋ ಡೆಸ್ಕ್‌ಟಾಪ್ ಕೂಡ ಒಂದು ವಿಎಂ ಆಗ್ಬೇಕು, ಹೋಸ್ಟ್ ಮೇಲೆ ಏನೂ ಇರ್ಬಾರ್ದು. ಎಲ್ಲಾ ಒರೆಸಿ ಮತ್ತೆ ಮೊದಲಿಂದ ಹಾಕ್ದೆ.

ಹೀಗೆ ಮಾಡೋಕೆ ಜಿಪಿಯು ಪಾಸ್‌ಥ್ರೂ ಬೇಕು. ಅಂದ್ರೆ ಗ್ರಾಫಿಕ್ಸ್ ಕಾರ್ಡನ್ನ ಹೋಸ್ಟ್ ಕೈಯಿಂದ ಬಿಡಿಸಿ ನೇರವಾಗಿ ವಿಎಂ ಕೈಗೆ ಕೊಡೋದು, ಆಗ ಕಾರ್ಡಿನ ಹಿಂದೆ ಚುಚ್ಚಿರೋ ಮಾನಿಟರ್‌ನಲ್ಲಿ ವಿಎಂದೇ ಸ್ಕ್ರೀನ್ ಬರುತ್ತೆ, ವಿಎಂ ಅಂತ ಗೊತ್ತೇ ಆಗಲ್ಲ. ಬಯೋಸ್‌ನಲ್ಲಿ ಎಸ್‌ವಿಎಂ (ವರ್ಚುವಲೈಸೇಷನ್), ಐಒಎಂಎಂಯು (ಡಿವೈಸ್‌ಗಳನ್ನ ಬೇರ್ಪಡಿಸಿ ವಿಎಂಗೆ ಕೊಡೋಕೆ ಬೇಕಾದ್ದು) ಎರಡನ್ನೂ ಆನ್ ಮಾಡ್ಬೇಕು, ಮೊದಲ ಡಿಸ್‌ಪ್ಲೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಆಗಿರ್ಲಿ ಅಂತ ಸೆಟ್ ಮಾಡ್ಬೇಕು, ಹೋಸ್ಟ್‌ನಲ್ಲಿ ಎನ್‌ವಿಡಿಯಾ ಕಾರ್ಡಿನ ನುವೋ ಡ್ರೈವರ್ ಲೋಡ್ ಆಗ್ದೇ ಇರೋ ಹಾಗೆ ಮಾಡಿ ಕಾರ್ಡನ್ನ ವಿಎಂಗೆ ಒಪ್ಪಿಸೋ ವಿಎಫ್‌ಐಒ ಡ್ರೈವರ್‌ಗೆ ಕಟ್ಟಬೇಕು, ವಿಎಂನ ಮಷೀನ್ ಟೈಪ್ ಕ್ಯೂ35, ಬಯೋಸ್ ಯುಇಎಫ್‌ಐ ಅಂತ ಮಾಡ್ಬೇಕು. ಕಾರ್ಡಲ್ಲಿ ವಿಡಿಯೋ ಒಂದು ಭಾಗ, ಎಚ್‌ಡಿಎಂಐ ಆಡಿಯೋ ಇನ್ನೊಂದು ಭಾಗ, ಎರಡನ್ನೂ ಸೇರಿಸೇ ಕೊಡ್ಬೇಕು. ಓದೋಕೆ ದೊಡ್ಡದಾಗಿ ಕಾಣುತ್ತೆ, ಕೂತು ಮಾಡಿದ್ರೆ ಒಂದು ಭಾನುವಾರದ ಕೆಲಸ. ಮುಂಚೆ ವಿಂಡೋಸ್ ವಿಎಂಗೆ ಜಿಫೋರ್ಸ್ ಕೊಟ್ರೆ ಕೋಡ್ 43 ಅಂತ ಡ್ರೈವರ್ ಎದ್ದೇಳ್ತಾನೇ ಇರ್ಲಿಲ್ಲ, ಎನ್‌ವಿಡಿಯಾದವರು 2021ರಲ್ಲಿ ಆ ಅಡ್ಡಿ ತೆಗೆದ್ರು. ನನ್ನದು ಹೇಗೂ ಲಿನಕ್ಸ್ ವಿಎಂ.

ಇದ್ರಲ್ಲಿ ನಿಜವಾದ ತಲೆನೋವು ಐಒಎಂಎಂಯು ಗ್ರೂಪು. ಬೋರ್ಡ್ ಮೇಲಿರೋ ಡಿವೈಸ್‌ಗಳು ಗುಂಪು ಗುಂಪಾಗಿರ್ತವೆ, ಕೊಟ್ರೆ ಇಡೀ ಗುಂಪನ್ನೇ ಒಂದೇ ವಿಎಂಗೆ ಕೊಡ್ಬೇಕು. ಪ್ರೊಸೆಸರ್‌ಗೆ ನೇರ ಸೇರಿರೋ ಮೇಲಿನ ದೊಡ್ಡ ಸ್ಲಾಟ್ ತನ್ನದೇ ಗುಂಪಲ್ಲಿತ್ತು, ಅದಕ್ಕೆ ಜಿಪಿಯು ಸಲೀಸಾಗಿ ಹೋಯ್ತು. ಆದ್ರೆ ವೆಬ್‌ಕ್ಯಾಮ್ ಮೀಟಿಂಗ್‌ನಲ್ಲಿ ತಡೆದು ತಡೆದು ಬರ್ತಿತ್ತು ಅಂತ ಒಂದು ಯುಎಸ್‌ಬಿ ಕಾರ್ಡ್ ತಂದು ಕೆಳಗಿನ ಸ್ಲಾಟಿಗೆ ಹಾಕಿದ್ರೆ, ಆ ಸ್ಲಾಟು ಮತ್ತೆ ನೆಟ್‌ವರ್ಕ್ ಪೋರ್ಟು ಎರಡೂ ಚಿಪ್‌ಸೆಟ್ ಕೆಳಗೆ ಒಂದೇ ಗುಂಪಲ್ಲಿದ್ವು. ಅದನ್ನ ವಿಎಂಗೆ ಕೊಟ್ಟಿದ್ರೆ ಹೋಸ್ಟ್‌ಗೆ ನೆಟ್‌ವರ್ಕೇ ಇರ್ತಿರ್ಲಿಲ್ಲ. ಕಾರ್ಡ್ ವಾಪಸ್ ತೆಗೆದಿಟ್ಟು, ಬೋರ್ಡ್‌ನಲ್ಲೇ ಬೇರೆ ಗುಂಪಲ್ಲಿದ್ದ ಒಂದು ಯುಎಸ್‌ಬಿ ಕಂಟ್ರೋಲರ್ ಹುಡುಕಿ ಅದನ್ನ ಪೂರ್ತಿ ವಿಎಂಗೆ ಕೊಟ್ಟೆ. ಹಿಂದುಗಡೆ ಯಾವ ಪೋರ್ಟು ಅದಕ್ಕೆ ಸೇರಿದ್ದು ಅಂತ ಪೆನ್‌ಡ್ರೈವ್ ಚುಚ್ಚಿ ಚುಚ್ಚಿ ನೋಡಿ, ಆ ಪೋರ್ಟುಗಳ ಪಕ್ಕ ಕೆಂಪು ಇನ್ಸುಲೇಷನ್ ಟೇಪ್ ಅಂಟಿಸಿದೀನಿ. ಕೆಂಪು ಟೇಪ್ ಇರೋದಕ್ಕೆ ಚುಚ್ಚಿದ್ದೆಲ್ಲ ನನ್ನ ಡೆಸ್ಕ್‌ಟಾಪ್‌ಗೆ, ಉಳಿದಿದ್ದು ಹೋಸ್ಟ್‌ಗೆ. ವೆಬ್‌ಕ್ಯಾಮ್ ಅವತ್ತಿಂದ ನೆಟ್ಟಗಾಗಿದೆ. ಹೋಸ್ಟ್‌ಗೆ ಅಂತ ಒಂದು ಹಳೇ ಕೀಬೋರ್ಡು ಬೇರೆ ಇಟ್ಕೊಳ್ಳಿ, ಅದು ಬೇಕಾಗೇ ಆಗುತ್ತೆ.

ಬೇಕಾಗಿದ್ದು ಯಾವಾಗ ಅಂದ್ರೆ, ಜಿಪಿಯು ಹಾಕಿದ ದಿನಾನೇ. ಪಿಸಿಐ ಸ್ಲಾಟಲ್ಲಿ ಹೊಸ ಕಾರ್ಡ್ ಬಂದ್ರೆ ಲಿನಕ್ಸ್ ಎಣಿಸೋ ನಂಬರ್ ಬದಲಾಗ್ಬಹುದು, ನೆಟ್‌ವರ್ಕ್ ಕಾರ್ಡಿನ ಹೆಸರಲ್ಲಿ ಆ ನಂಬರ್ ಇರೋದ್ರಿಂದ ಹೆಸರೇ ಬೇರೆ ಆಗುತ್ತೆ. ವಿಎಂಗಳನ್ನ ನೆಟ್‌ವರ್ಕಿಗೆ ಸೇರಿಸೋ ಬ್ರಿಡ್ಜ್ ಮಾತ್ರ ಹಳೇ ಹೆಸರನ್ನೇ ಹಿಡ್ಕೊಂಡಿರುತ್ತೆ. ಸ್ಟಾರ್ಟ್ ಆಯ್ತು, ಆದ್ರೆ 8006 ಓಪನ್ ಆಗ್ತಿಲ್ಲ, ಪಿಂಗ್ ಇಲ್ಲ, ಕೇಬಲ್ ಕಿತ್ತು ಹಾಕಿದೆ, ರೂಟರ್ ಆಫ್ ಆನ್ ಮಾಡ್ದೆ, ಒಂದು ಗಂಟೆ ಹೋಯ್ತು. ಕೊನೆಗೆ ಹೋಸ್ಟ್‌ನ ಕಪ್ಪು ಸ್ಕ್ರೀನಲ್ಲಿ ಆ ಹಳೇ ಕೀಬೋರ್ಡಿಂದ ನೆಟ್‌ವರ್ಕ್ ಫೈಲಲ್ಲಿ ಒಂದೇ ಒಂದು ಅಂಕಿ ತಿದ್ದಿದ್ಮೇಲೆ ಸರಿ ಹೋಯ್ತು. ಕಾರ್ಡ್ ಹಾಕೋ ಮೊದಲೇ ಇದು ಗೊತ್ತಿದ್ರೆ ಎರಡು ನಿಮಿಷದ ಕೆಲಸ.

ಇಷ್ಟಾದ್ಮೇಲೆ ದಿನಬಳಕೆ ಹೇಗಿದೆ? ಪವರ್ ಬಟನ್ ಒತ್ತಿದ್ರೆ ಹೋಸ್ಟ್ ಏಳುತ್ತೆ, ಅದಾದ್ಮೇಲೆ ನನ್ನ ಲಿನಕ್ಸ್ ವಿಎಂ ತಾನಾಗೇ ಸ್ಟಾರ್ಟ್ ಆಗುತ್ತೆ, ಆಮೇಲೆ ವಿಂಡೋಸ್. ಒಟ್ಟು ಸುಮಾರು ಒಂದೂವರೆ ನಿಮಿಷ. ಮಾನಿಟರಿನ ಒಂದು ಇನ್‌ಪುಟ್ ಜಿಪಿಯುಗೆ, ಇನ್ನೊಂದು ಬೋರ್ಡಿಗೆ. ಸೌಂಡ್ ಮಾನಿಟರಿಂದಾನೇ ಬರುತ್ತೆ. ಕೋಡ್ ಕಂಪೈಲ್ ಮಾಡೋದು, ವಿಡಿಯೋ ನೋಡೋದು ಯಾವುದ್ರಲ್ಲೂ ಇದು ವಿಎಂ ಅನ್ನೋ ವ್ಯತ್ಯಾಸ ನನಗೆ ಕಂಡಿಲ್ಲ. ಹೆಂಡತಿ ಹಳೇ 4 ಜಿಬಿ ಲ್ಯಾಪ್‌ಟಾಪಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11 ವಿಎಂಗೆ ಬರ್ತಾಳೆ (ಪ್ರೊ ಎಡಿಶನ್ ಬೇಕು, ಹೋಮ್‌ನಲ್ಲಿ ಆಗಲ್ಲ), ನುಡಿ, ಕೋರೆಲ್ ಎಲ್ಲಾ ಅಲ್ಲಿ. ವಿಂಡೋಸ್ 11 ಕೇಳೋ ಟಿಪಿಎಂ ಅನ್ನೋ ಸೆಕ್ಯುರಿಟಿ ಚಿಪ್‌ನ ಪ್ರಾಕ್ಸ್‌ಮಾಕ್ಸೇ ಕೊಡುತ್ತೆ. ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣ್ತಿಲ್ಲ ಅಂತ ಗಾಬರಿ ಆಗ್ಬೇಡಿ, ವರ್ಟ್‌ಐಒ ಡ್ರೈವರ್ ಇರೋ ಐಎಸ್‌ಒನ ಎರಡನೇ ಸಿಡಿ ಥರ ಹಾಕಿ ಲೋಡ್ ಡ್ರೈವರ್ ಕೊಟ್ರೆ ಕಾಣುತ್ತೆ.

ರ‍್ಯಾಮ್ ಬಗ್ಗೆ ಮಾತ್ರ ಲೆಕ್ಕ ಗಟ್ಟಿಯಾಗಿರ್ಲಿ. ಪಾಸ್‌ಥ್ರೂ ಕೊಟ್ಟ ವಿಎಂಗೆ ಎಷ್ಟು ರ‍್ಯಾಮ್ ಅಂತ ಬರೆದಿರ್ತೀರೋ ಅಷ್ಟೂ ಸ್ಟಾರ್ಟ್ ಆದ ಕ್ಷಣದಿಂದ ಅದಕ್ಕೇ ಲಾಕ್, ಬಲೂನಿಂಗ್ (ಬಳಸ್ದೇ ಇರೋ ರ‍್ಯಾಮ್ ವಾಪಸ್ ತಗೊಳ್ಳೋದು) ಎಲ್ಲಾ ನಡೆಯಲ್ಲ. ನನ್ನದಕ್ಕೆ 32, ವಿಂಡೋಸ್‌ಗೆ 16, ಝೆಡ್‌ಎಫ್‌ಎಸ್ ಕ್ಯಾಶ್‌ಗೆ 6 (8.1ರ ನಂತರ ಹೊಸದಾಗಿ ಹಾಕಿದ್ರೆ ಒಟ್ಟು ರ‍್ಯಾಮಿನ ಹತ್ತು ಪರ್ಸೆಂಟಿಗೆ ಅದೇ ಮಿತಿ ಹಾಕ್ಕೊಳ್ಳುತ್ತೆ, ಮುಂಚೆ ಅರ್ಧದವರೆಗೂ ತಗೊಳ್ತಿತ್ತು). 16 ಜಿಬಿ ಇಟ್ಕೊಂಡು ಈ ಸಾಹಸಕ್ಕೆ ಕೈ ಹಾಕ್ಬೇಡಿ.

ಒಂದು ಘಟನೆ ಹೇಳ್ಲೇಬೇಕು, ಯಾಕಂದ್ರೆ ಇದು ಎಷ್ಟು ಹುಡುಕಿದ್ರೂ ಬೇಗ ಸಿಗೋ ವಿಷಯ ಅಲ್ಲ. ನಮ್ಮ ಭಾವ ಸಿವಿಲ್ ಕಾಂಟ್ರಾಕ್ಟರ್, ಟೆಂಡರ್ ಹಾಕೋಕೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಯುಎಸ್‌ಬಿ) ಬೇಕು, ಆ ಕೆಲಸ ಮಾಡ್ಕೊಡೋದು ನಮ್ಮನೇಲೇ. ಅವತ್ತು ನಾಲ್ಕು ಗಂಟೆಗೆ ಕೊನೆ. ಟೋಕನ್ನ ಸರ್ವರ್‌ಗೆ ಚುಚ್ಚಿ ಯುಎಸ್‌ಬಿ ಸೇರಿಸಿ ವಿಂಡೋಸ್ ವಿಎಂಗೆ ಕೊಟ್ಟಿದೀನಿ, ಪ್ರಾಕ್ಸ್‌ಮಾಕ್ಸಲ್ಲಿ ಸರಿಯಾಗೇ ತೋರಿಸ್ತಿದೆ, ಆದ್ರೆ ಹೆಂಡತಿ ಲ್ಯಾಪ್‌ಟಾಪಿಂದ ‘ರೀ, ಟೋಕನ್ ಇಲ್ಲ ಅಂತಾನೇ ಬರ್ತಿದೆ, ಮೂರೂ ಕಾಲಾಯ್ತು’ ಅಂತಾಳೆ. ಡ್ರೈವರ್ ತೆಗೆದು ಹಾಕಿದ್ದಾಯ್ತು, ಪೋರ್ಟ್ ಬದಲಾಯಿಸಿದ್ದಾಯ್ತು. ಭಾವ ಫೋನಲ್ಲಿ ‘ಏನಾಯ್ತಪ್ಪಾ, ಸೈನ್ ಆಯ್ತಾ?’ ಅಂತ ಎರಡು ಸಲ ಕೇಳಿದ್ರು. ಕಾರಣ ಏನಂದ್ರೆ, ರಿಮೋಟ್ ಡೆಸ್ಕ್‌ಟಾಪ್ ಸೆಶನ್ ಒಳಗಿದ್ದಾಗ ವಿಂಡೋಸು ಸ್ಮಾರ್ಟ್ ಕಾರ್ಡನ್ನ ನಾವು ಕೂತಿರೋ ಲ್ಯಾಪ್‌ಟಾಪಲ್ಲಿ ಹುಡುಕುತ್ತೆ, ಆ ಮಷೀನ್‌ಗೇ ಚುಚ್ಚಿರೋದನ್ನ ನೋಡೋದೇ ಇಲ್ಲ. ಡಿಎಸ್‌ಸಿ ಟೋಕನ್ ಅಂದ್ರೆ ಒಂಥರಾ ಸ್ಮಾರ್ಟ್ ಕಾರ್ಡೇ ತಾನೆ. ರಿಮೋಟ್ ಸೆಶನ್ ಮುಚ್ಚಿ, ಬ್ರೌಸರ್‌ನಲ್ಲಿ ಪ್ರಾಕ್ಸ್‌ಮಾಕ್ಸ್‌ನ ಕನ್ಸೋಲಿಂದ ಅದೇ ವಿಂಡೋಸಿಗೆ ಲಾಗಿನ್ ಆದ್ವಿ, ಟೋಕನ್ ತಕ್ಷಣ ಬಂತು. ಮೂರೂ ಐವತ್ತಕ್ಕೆ ಸೈನ್ ಆಯ್ತು. ಡಿಎಸ್‌ಸಿ ಕೆಲಸ ಇದ್ರೆ ಕನ್ಸೋಲಿಂದ ಮಾಡಿ, ಇದನ್ನ ಎಲ್ಲಾದ್ರೂ ಬರೆದಿಟ್ಕೊಳ್ಳಿ.

ಇನ್ನು ನನಗೆ ಈ ಸೆಟಪ್ಪಲ್ಲಿ ಅತಿ ಹೆಚ್ಚು ಬೆಲೆಬಾಳೋದು ಸ್ನ್ಯಾಪ್‌ಶಾಟ್, ಅಂದ್ರೆ ವಿಎಂ ಆ ಕ್ಷಣ ಹೇಗಿದೆಯೋ ಹಾಗೇ ಹಿಡಿದಿಡೋದು. ಯಾರೋ ಗಿರಾಕಿ ಕಳಿಸಿದ ಒಂದು ಫಾಂಟ್ ಕನ್ವರ್ಟರ್ ಹಾಕಿದ್ಮೇಲೆ ವಿಂಡೋಸ್‌ನಲ್ಲಿ ನುಡಿ ಫಾಂಟೆಲ್ಲ ಅಲ್ಲೋಲ ಕಲ್ಲೋಲ, ಒತ್ತಕ್ಷರ ಎಲ್ಲೋ, ಮೂಲ ಅಕ್ಷರ ಎಲ್ಲೋ. ಮುಂಚೆ ಆಗಿದ್ರೆ ಫಾರ್ಮ್ಯಾಟ್, ಎರಡು ದಿನ ಕೆಲಸ ಬಂದ್. ಈಗ ಬೆಳಗ್ಗೆಯ ಸ್ನ್ಯಾಪ್‌ಶಾಟ್‌ಗೆ ರೋಲ್‌ಬ್ಯಾಕ್ ಒತ್ತಿದೆ, ಕಾಫಿ ಲೋಟ ಕೆಳಗಿಡೋ ಅಷ್ಟರಲ್ಲಿ ವಿಂಡೋಸ್ ಬೆಳಗ್ಗೆ ಹೇಗಿತ್ತೋ ಹಾಗೆ. ಅವಳ ಫೈಲುಗಳೆಲ್ಲ ಬೇರೆ ಡಿಸ್ಕಿನ ಶೇರ್‌ನಲ್ಲಿರೋದ್ರಿಂದ ಮಾಡಿದ ಕೆಲಸ ಒಂದಕ್ಷರ ಹೋಗ್ಲಿಲ್ಲ, ಇದನ್ನ ಮೊದಲೇ ಬೇರೆ ಮಾಡಿಟ್ಕೊಳ್ಳಿ, ಇಲ್ಲಾಂದ್ರೆ ರೋಲ್‌ಬ್ಯಾಕ್ ಜೊತೆ ಇವತ್ತಿನ ಕೆಲಸಾನೂ ಹಿಂದಕ್ಕೆ ಹೋಗುತ್ತೆ. ಪಾಸ್‌ಥ್ರೂ ಇರೋ ವಿಎಂಗೆ ರ‍್ಯಾಮ್ ಸಮೇತ ಸ್ನ್ಯಾಪ್‌ಶಾಟ್ ಆಗಲ್ಲ, ಡಿಸ್ಕ್ ಮಾತ್ರ, ಅದಕ್ಕೇ ನನ್ನ ಲಿನಕ್ಸ್‌ದು ಆಫ್ ಮಾಡಿ ತಗೋತೀನಿ. ರಾತ್ರಿ ಎರಡು ಗಂಟೆಗೆ ಎರಡೂ ವಿಎಂ ಪೂರ್ತಿ ಬ್ಯಾಕಪ್ ಇನ್ನೊಂದು ಡಿಸ್ಕಿಗೆ ತಾನಾಗೇ ಹೋಗುತ್ತೆ. 8ರಿಂದ 9ಕ್ಕೆ ಹೋಗುವಾಗ ಅವರೇ ಕೊಡೋ ಚೆಕ್ ಸ್ಕ್ರಿಪ್ಟ್ ಓಡಿಸಿ, ಅದು ಹೇಳಿದ್ದೆಲ್ಲ ಸರಿ ಮಾಡಿ ಅಪ್‌ಗ್ರೇಡ್ ಹೊಡೆದೆ, ಹೋಸ್ಟ್ ಮೇಲೆ ಏನೂ ಹೆಚ್ಚಿಗೆ ಇಲ್ದೇ ಇದ್ದಿದ್ದಕ್ಕೆ ಅರ್ಧ ಗಂಟೇಲಿ ಮುಗೀತು. ಮೊದಲಿನ ಸೆಟಪ್ಪೇ ಇದ್ದಿದ್ರೆ ಅಷ್ಟು ಧೈರ್ಯ ಬರ್ತಿರ್ಲಿಲ್ಲ.

ಇಷ್ಟ ಆಗ್ದೇ ಇರೋದು ಸ್ಲೀಪ್. ಮಾಮೂಲಿ ಕಂಪ್ಯೂಟರ್ ಥರ ಎದ್ದು ಹೋಗುವಾಗ ಮಲಗಿಸಿ, ಬಂದಾಗ ಎಬ್ಬಿಸೋ ಹಾಗಿಲ್ಲ, ಇದು ಸರ್ವರ್, ಎದ್ದಿರೋದೇ ಅದರ ಸ್ವಭಾವ. ಪ್ಲಗ್‌ಗೆ ಹಾಕೋ ಮೀಟರಲ್ಲಿ ನೋಡ್ದೆ, ಏನೂ ಕೆಲಸ ಇಲ್ದಾಗ 45 ವ್ಯಾಟ್ ಆಸುಪಾಸು ತಗೊಳ್ಳುತ್ತೆ. ದಿನವಿಡೀ ಆನ್ ಇದ್ರೆ ತಿಂಗಳಿಗೆ 32 ಯೂನಿಟ್. ಕಮ್ಮಿ ಅನ್ನಿಸ್ಬಹುದು, ಆದ್ರೆ ಗೃಹಜ್ಯೋತಿಯಲ್ಲಿ ನಮಗೆ ಸಿಗೋದು ಹಳೇ ಸರಾಸರಿ ಮತ್ತೆ ಅದರ ಮೇಲೆ ಹತ್ತು ಪರ್ಸೆಂಟ್ ಅಷ್ಟೇ, ಈ 32 ಯೂನಿಟ್ ಸೀದಾ ಅದರ ಮೇಲಕ್ಕೆ ಹೋಗಿ ಬಿಲ್ಲಲ್ಲಿ ಕೂತ್ಕೊಳ್ತು. ಅದಕ್ಕೆ ಈಗ ರಾತ್ರಿ ಬ್ಯಾಕಪ್ ಮುಗಿದ್ಮೇಲೆ ತಾನಾಗೇ ಶಟ್‌ಡೌನ್ ಆಗೋ ಹಾಗೆ ಮಾಡಿದೀನಿ, ಬೆಳಗ್ಗೆ ಬಟನ್ ಒತ್ತೋದು.

ಯುಪಿಎಸ್ ಇಲ್ದೇ ಇದನ್ನ ಮಾಡ್ಲೇಬೇಡಿ. ಒಂದು ಸಲ ಕರೆಂಟ್ ಹೋದ್ರೆ ಒಂದಲ್ಲ, ಓಡ್ತಿರೋ ಅಷ್ಟೂ ಮಷೀನ್ ಒಟ್ಟಿಗೆ ಬೀಳುತ್ತೆ. ಅಗ್ಗದ ಯುಪಿಎಸ್‌ಗಳಲ್ಲಿ ತುಂಬಾ ಕಡೆ ಯುಎಸ್‌ಬಿ ಪೋರ್ಟೇ ಇರಲ್ಲ, ಇರೋದನ್ನೇ ಕೇಳಿ ತಗೊಳ್ಳಿ. ಹೋಸ್ಟ್‌ನಲ್ಲಿ ಯುಪಿಎಸ್ ಬ್ಯಾಟರಿ ನೋಡಿ ಶಟ್‌ಡೌನ್ ಮಾಡ್ಸೋ ನಟ್ ಅನ್ನೋ ಸಾಫ್ಟ್‌ವೇರ್ ಹಾಕಿ ಅದಕ್ಕೆ ಜೋಡಿಸಿದೀನಿ, ಹೋಸ್ಟ್ ಮೇಲೆ ನಾನು ಸೇರಿಸಿರೋದು ಅದೊಂದೇ. ವಿಎಂಗಳಲ್ಲಿ ಹೋಸ್ಟ್ ಜೊತೆ ಮಾತಾಡೋ ಗೆಸ್ಟ್ ಏಜೆಂಟ್ ಹಾಕಿದ್ರೆ ಮರ್ಯಾದೆಯಾಗಿ ಶಟ್‌ಡೌನ್ ಆಗ್ತವೆ.

ಲ್ಯಾಪ್‌ಟಾಪಲ್ಲಿ ಮಾಡ್ಬಹುದಾ ಅಂತ ಕೇಳೋರಿಗೆ: ನಾನೂ ಹಳೇದೊಂದ್ರಲ್ಲಿ ನೋಡ್ದೆ, ಬೇಡ. ವೈಫೈ ಮೇಲೆ ಬ್ರಿಡ್ಜ್ ನಡೆಯಲ್ಲ, ಯಾಕಂದ್ರೆ ಆಕ್ಸೆಸ್ ಪಾಯಿಂಟು ತನ್ನ ಜೊತೆ ಕನೆಕ್ಟ್ ಆಗಿರೋ ಮ್ಯಾಕ್ ಅಡ್ರೆಸ್ ಬಿಟ್ಟು ವಿಎಂಗಳ ಬೇರೆ ಮ್ಯಾಕ್‌ನ ಒಪ್ಪಲ್ಲ, ನ್ಯಾಟ್ (ಎಲ್ಲಾ ವಿಎಂ ಹೋಸ್ಟ್‌ನ ಅಡ್ರೆಸ್ಸಲ್ಲೇ ಹೊರಗೆ ಹೋಗೋದು) ಮಾಡ್ಕೊಂಡು ಒದ್ದಾಡ್ಬೇಕು. ಸ್ಲೀಪ್ ಇಲ್ದೇ ಇರೋ ಲ್ಯಾಪ್‌ಟಾಪ್ ಯಾರಿಗೆ ಬೇಕು. ಅಪರೂಪಕ್ಕೆ ಒಂದು ಸಲ ವಿಂಡೋಸ್ ಬೇಕು ಅನ್ನೋರಿಗೆ ಮಾಮೂಲಿ ಲಿನಕ್ಸ್ ಮೇಲೆ ವರ್ಚುವಲ್‌ಬಾಕ್ಸೋ ವರ್ಟ್ ಮ್ಯಾನೇಜರ್ರೋ ಧಾರಾಳ ಸಾಕು. ನಮ್ಮ ಹಾಗೆ ಇಬ್ಬರು ಒಟ್ಟಿಗೆ ಎರಡು ಬೇರೆ ಬೇರೆ ಲೋಕದಲ್ಲಿ ಇಡೀ ದಿನ ಕೆಲಸ ಮಾಡೋ ಮನೆ, 64 ಜಿಬಿ ರ‍್ಯಾಮ್, ಎರಡು ಗ್ರಾಫಿಕ್ಸ್, ಒಂದು ಪೂರ್ತಿ ಭಾನುವಾರ ಇದ್ರೆ ಧೈರ್ಯವಾಗಿ ಮಾಡಿ.

ಮೊನ್ನೆ ಮಳೆಗೆ ಸಂಜೆ ಕರೆಂಟ್ ಹೋಗಿ ಮುಕ್ಕಾಲು ಗಂಟೆ ಬರ್ಲಿಲ್ಲ. ನಾವಿಬ್ರೂ ಮನೇಲಿರ್ಲಿಲ್ಲ, ಹೆಂಡತಿ ಒಂದು ಗೃಹಪ್ರವೇಶದ ಪತ್ರಿಕೆ ಸೇವ್ ಮಾಡಿ ಕೋರೆಲ್ ಓಪನ್ ಇಟ್ಟೇ ಬಂದಿದ್ಲು. ವಾಪಸ್ ಬಂದು ಹೋಸ್ಟಿನ ಲಾಗ್ ನೋಡಿದ್ರೆ ಯುಪಿಎಸ್ ಬ್ಯಾಟರಿಗೆ ಹೋಗಿದ್ದು 6:12, ವಿಂಡೋಸ್ ಆಫ್ ಆಗಿದ್ದು 6:18, ನನ್ನ ಲಿನಕ್ಸ್ 6:19, ಹೋಸ್ಟ್ 6:20. ಬಟನ್ ಒತ್ತಿದೆ, ಅವಳು ಫೈಲ್ ಓಪನ್ ಮಾಡಿ ಪ್ರಿಂಟ್‌ಗೆ ಕೊಟ್ಲು.